ಐದು ಜನ, 8 ಲಕ್ಷ, ಲ್ಯಾಪ್‌ಲ್ಯಾಂಡ್: ಆಗುತ್ತಾ?

ಪದ್ಮನಾಭನಗರದವಳು:

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಬಗೆಹರಿಯುತ್ತಿಲ್ಲ, ಸ್ವಲ್ಪ ಸಹಾಯ ಮಾಡಿ.

ಮನೆಯಲ್ಲಿ ಐದು ಜನ. ನಾನು, ಯಜಮಾನರು, ಅತ್ತೆ (67 ವರ್ಷ), ಮಗಳು (11), ಮಗ (5). ಮಗಳದ್ದು ಎರಡು ವರ್ಷದಿಂದ ಒಂದೇ ಹಟ. ಹಿಮ ನೋಡಬೇಕು, ಸಾಂತಾ ಕ್ಲಾಸ್ ಊರು ನೋಡಬೇಕು, ಆಕಾಶದಲ್ಲಿ ಹಸಿರು ಬೆಳಕು ನೋಡಬೇಕು. ಅಂದರೆ ಫಿನ್‌ಲ್ಯಾಂಡಿನ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರಾಂತ್ಯದ ರೊವಾನಿಯೆಮಿ. ಅವಳಿಗಿಂತ ನನಗೇ ಆಸೆ ಜಾಸ್ತಿ ಅಂತ ಯಜಮಾನರು ಹೇಳುತ್ತಾರೆ. ಇರಬಹುದು.

ನನ್ನದೊಂದು ಚೀಟಿ ಇದೆ. ಅದನ್ನು ಎತ್ತಿ, ಯಜಮಾನರ ಬೋನಸ್ ಸೇರಿಸಿದರೆ 8 ಲಕ್ಷ. ಅದರ ಮೇಲೆ ಒಂದು ರೂಪಾಯಿ ಇಲ್ಲ, ಸಾಲವಂತೂ ಬೇಡವೇ ಬೇಡ. ಒಬ್ಬ ಏಜೆಂಟ್ ಹತ್ತಿರ ವಿಚಾರಿಸಿದೆ. ಡಿಸೆಂಬರ್ 23ರಿಂದ 30, ಏಳು ರಾತ್ರಿ, ಅದರಲ್ಲಿ ಎರಡು ರಾತ್ರಿ ಗಾಜಿನ ಇಗ್ಲೂ (ಮಲಗಿದಲ್ಲೇ ಆಕಾಶ ಕಾಣುವ ಗಾಜಿನ ಛಾವಣಿಯ ಪುಟ್ಟ ಮನೆ). ಐದು ಜನಕ್ಕೆ 14.5 ಲಕ್ಷ. ವೀಸಾ ಬೇರೆ, ರಾತ್ರಿ ಊಟ ಬೇರೆ, ಟಿಸಿಎಸ್ (ಮಾರುವವರೇ ಮುಂಗಡ ಹಿಡಿಯುವ ಆದಾಯ ತೆರಿಗೆ) ಬೇರೆ. ಕೇಳಿ ಮಜ್ಜಿಗೆ ಕುಡಿದು ಮನೆಗೆ ಬಂದೆ.

8 ಲಕ್ಷದಲ್ಲಿ ಆಗುತ್ತಾ? ಇಲ್ಲ ಅಂದರೆ ಈಗಲೇ ಹೇಳಿಬಿಡಿ, ಮಗಳಿಗೆ ನಿಧಾನವಾಗಿ ತಿಳಿಸುತ್ತೇನೆ.

ಗಾಂಧಿಬಜಾರ್_ಗುಂಡ:

ಮೇಡಂ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಹಿಮ ತಾನೇ? ಗುಲ್ಮಾರ್ಗ್‌ಗೆ ಹೋಗಿ. 2 ಲಕ್ಷದಲ್ಲಿ ಐದು ಜನ ರಾಜರ ಥರ ಹೋಗಿ ಬರಬಹುದು. ಗೊಂಡೋಲಾ (ಕೇಬಲ್ ಕಾರ್) ಹತ್ತಿದರೆ 3,900 ಮೀಟರ್ ಮೇಲೆ. ಉಳಿದ 6 ಲಕ್ಷ ಮಗಳ ಹೆಸರಲ್ಲಿ ಎಫ್‌ಡಿ ಮಾಡಿ.

ಪದ್ಮನಾಭನಗರದವಳು:

ಎಫ್‌ಡಿ ಬೇರೆ ಇದೆ ಸರ್ :) ಗುಲ್ಮಾರ್ಗ್ ನಮ್ಮ ಪಟ್ಟಿಯಲ್ಲಿ ಇತ್ತು. ಪರಿಚಯದವರೊಬ್ಬರು 2024ರ ಜನವರಿಯಲ್ಲಿ ಹೋಗಿ ಒಣಹುಲ್ಲಿನ ಫೋಟೋ ಕಳಿಸಿದರು. ಆ ಸಲ ತಿಂಗಳ ಕೊನೆಯವರೆಗೂ ಅಲ್ಲಿ ಹಿಮವೇ ಬಿದ್ದಿರಲಿಲ್ಲ. ಅದೂ ಅಲ್ಲದೆ ಸಾಂತಾ ಅಲ್ಲಿಲ್ಲವಲ್ಲ.

ಲಗೇಜ್_ಜಾಸ್ತಿ:

ನಾವು ನಾಲ್ಕು ಜನ ಹೋಗಿ ಬಂದಿದ್ದೇವೆ. ನಾವಿಬ್ಬರು, 9 ಮತ್ತು 7 ವರ್ಷದ ಇಬ್ಬರು ಮಕ್ಕಳು. 6 ಲಕ್ಷದ ಮೇಲೆ ಚಿಲ್ಲರೆ ಆಯಿತು. ನಿಮ್ಮದೂ ಆಗುತ್ತೆ. ಆದರೆ ಆ ತಾರೀಖಿನಲ್ಲಿ ಆಗುವುದಿಲ್ಲ.

ನೀವು ಹೋಟೆಲಿನಿಂದ ಲೆಕ್ಕ ಶುರು ಮಾಡಿದ್ದೀರಿ. ತಾರೀಖಿನಿಂದ ಶುರು ಮಾಡಿ. ಡಿಸೆಂಬರ್ ಕೊನೆಯ ವಾರ ಅಂದರೆ ರೊವಾನಿಯೆಮಿಗೆ ಅದು ನಮ್ಮ ದಸರಾದ ಮೈಸೂರು. ಇಂಗ್ಲೆಂಡಿನಿಂದಲೇ ವಿಮಾನಗಟ್ಟಲೆ ಮಕ್ಕಳು ಬಂದಿಳಿಯುತ್ತಾರೆ. ರೂಮು, ನಾಯಿಗಾಡಿ (ಹಿಮದ ಮೇಲೆ ನಾಯಿಗಳು ಎಳೆಯುವ ಗಾಡಿ), ಟ್ಯಾಕ್ಸಿ ಎಲ್ಲ ಎರಡು ಪಟ್ಟು. ಅದೇ ಅಪಾರ್ಟ್‌ಮೆಂಟಿಗೆ ಕ್ರಿಸ್‌ಮಸ್ ವಾರದಲ್ಲಿ ರಾತ್ರಿಗೆ 330 ಯೂರೋ ತೋರಿಸುತ್ತಿತ್ತು. ನಾವು ಜನವರಿ ಕೊನೆಯಲ್ಲಿ 140ಕ್ಕೆ ಉಳಿದುಕೊಂಡೆವು. ಅದೇ ಮಂಚ, ಅದೇ ಒಲೆ.

ಇನ್ನೊಂದು ವಿಷಯ ಏಜೆಂಟ್ ಹೇಳಿರುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ಹಗಲು ಎರಡು ಗಂಟೆಯ ಮೇಲೆ ಸ್ವಲ್ಪ, ಅಷ್ಟೇ. ಸೂರ್ಯ ಹನ್ನೊಂದಕ್ಕೆ ಇಣುಕಿ, ಊಟದ ಹೊತ್ತಿಗೆ ಹೊರಟುಬಿಡುತ್ತಾನೆ. ಜನವರಿ ಕೊನೆಗೆ ಹಗಲು ಐದು ಗಂಟೆ ದಾಟುತ್ತೆ. ಮಕ್ಕಳಿಗೆ ಆಡಲು ಬೆಳಕು, ರಾತ್ರಿ ಆಕಾಶ ನೋಡಲು ಕತ್ತಲು, ಎರಡೂ ಸಿಗುತ್ತೆ.

ಸಾಂತಾ ಬಗ್ಗೆ ಚಿಂತೆ ಬೇಡ. ಅಲ್ಲಿ ಅವರು ವರ್ಷದ 365 ದಿನವೂ ಡ್ಯೂಟಿ ಮೇಲೆ ಇರುತ್ತಾರೆ.

ಪದ್ಮನಾಭನಗರದವಳು:

365 ದಿನವೂ ಇರುತ್ತಾರಾ?! ಇದು ಗೊತ್ತಿದ್ದಿದ್ದರೆ ಆ ಏಜೆಂಟ್ ಹತ್ತಿರ ಹೋಗುತ್ತಲೇ ಇರಲಿಲ್ಲ. ನಿಮ್ಮ 6 ಲಕ್ಷ ಬಿಡಿಸಿ ಹೇಳುತ್ತೀರಾ? ದಯವಿಟ್ಟು.

ಲಗೇಜ್_ಜಾಸ್ತಿ:

ಬರೆದಿಟ್ಟಿದ್ದೆ, ನೋಡಿ ಹೇಳುತ್ತಿದ್ದೇನೆ. ಯೂರೋಗೆ 100 ರೂಪಾಯಿ ಅಂತ ಹಿಡಿದಿದ್ದೇನೆ. ಗುಣಿಸಲು ಸುಲಭ, ಮಕ್ಕಳಿಗೂ ಬೆಲೆ ಅರ್ಥವಾಗುತ್ತೆ.

ಬೆಂಗಳೂರಿನಿಂದ ಹೆಲ್ಸಿಂಕಿ, ಹೋಗಿ ಬರಲು ನಾಲ್ಕು ಟಿಕೆಟ್ 2,72,000. ಇಲ್ಲಿಂದ ನೇರ ವಿಮಾನ ಇಲ್ಲ. ದೋಹಾ, ಫ್ರಾಂಕ್‌ಫರ್ಟ್, ಪ್ಯಾರಿಸ್ ಹೀಗೆ ಎಲ್ಲಾದರೂ ಇಳಿದು ಹತ್ತಬೇಕು. ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ಹೋಗುವಾಗ ರಾತ್ರಿ ರೈಲು, ಬರುವಾಗ ವಿಮಾನ, ಎರಡೂ ಸೇರಿ 61,000. ಅಪಾರ್ಟ್‌ಮೆಂಟ್ ಐದು ರಾತ್ರಿ 70,000. ಹೆಲ್ಸಿಂಕಿಯಲ್ಲಿ ಒಂದು ರಾತ್ರಿ 12,000. ನಾಯಿಗಾಡಿ ಸವಾರಿ 50,000. ಊಟ ತಿಂಡಿ ದಿನಸಿ 36,000. ವೀಸಾ, ಇನ್ಶೂರೆನ್ಸ್ 40,000. ಬಟ್ಟೆ ಬೂಟು 45,000. ಬಸ್ಸು, ಸಿಮ್, ಪುಟ್ಟ ಪುಟ್ಟ ಖರ್ಚು 20,000. ಒಟ್ಟು 6,06,000.

ರಾತ್ರಿ ರೈಲನ್ನು ಬಿಡಬೇಡಿ. ಸುಮಾರು 12 ಗಂಟೆ ಪ್ರಯಾಣ. ಇಬ್ಬರಿಗೊಂದು ಪುಟ್ಟ ಕೋಣೆ, ಮೇಲೊಂದು ಕೆಳಗೊಂದು ಬರ್ತ್. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು ಅಂತ ಲೆಕ್ಕ. ಬೆಳಿಗ್ಗೆ ಕಿಟಕಿ ಪರದೆ ಸರಿಸಿದಾಗ ಕಾಡೆಲ್ಲ ಬೆಳ್ಳಗಿತ್ತು. ನನ್ನ ಚಿಕ್ಕವನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದು ಅದೇ ಮೊದಲು, ಅದೇ ಕೊನೆ.

ಔಲು_ಕನ್ನಡಿಗ:

ರೊವಾನಿಯೆಮಿಯಿಂದ ರೈಲಿನಲ್ಲಿ ಎರಡೂವರೆ ಗಂಟೆ ದಕ್ಷಿಣಕ್ಕೆ ಔಲು ಅಂತ ಊರು. ನಾನಿರುವುದು ಇಲ್ಲಿ. ಮೂಲ ಹಾಸನ.

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಜನವರಿ ತಪ್ಪಿದರೆ ಫೆಬ್ರವರಿ ನಡು ಅಂತ ಯೋಚಿಸಬೇಡಿ. ಇಲ್ಲಿನ ಶಾಲೆಗಳಿಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ಭಾಗದವರೆಗೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ವಾರ ರಜೆ. ಹಿಹ್ತೋಲೋಮಾ ಅಂತಾರೆ, ಸ್ಕೀ ರಜೆ. ಅರ್ಧ ಫಿನ್‌ಲ್ಯಾಂಡ್ ಲ್ಯಾಪ್‌ಲ್ಯಾಂಡಿಗೆ ಹೊರಡುತ್ತೆ. ಅದಕ್ಕೆ ಮುಂಚೆ ಇಂಗ್ಲೆಂಡಿನ ಶಾಲೆಗಳ ಅರ್ಧವಾರ್ಷಿಕ ರಜೆ. ಹೊಸವರ್ಷದ ಗಲಾಟೆ ಮುಗಿದು ಈ ರಜೆಗಳು ಶುರುವಾಗುವ ಮುಂಚಿನ ಮೂರು ವಾರವೇ ಸಂದು. ಅಲ್ಲಿ ನುಗ್ಗಿ.

ಊಟಕ್ಕೆ ಒಂದು ಮಾತು. ಸಂಜೆ ಹೋಟೆಲಿನಲ್ಲಿ ಕೂತರೆ ಒಂದು ತಟ್ಟೆಗೆ 20ರಿಂದ 30 ಯೂರೋ ಹೋಗುತ್ತೆ. ಮಧ್ಯಾಹ್ನ ‘ಲೌನಾಸ್’ ಅಂತ ಬೋರ್ಡ್ ಹಾಕಿರುತ್ತಾರೆ. ವಾರದ ದಿನಗಳಲ್ಲಿ ಕೆಲಸದವರಿಗೆ ಹಾಕುವ ಊಟ. 13 ಯೂರೋ ಆಸುಪಾಸು, ಸಲಾಡ್, ಬ್ರೆಡ್, ಕಾಫಿ ಎಲ್ಲ ಸೇರಿ. ದೊಡ್ಡ ಊಟ ಮಧ್ಯಾಹ್ನ ಮಾಡಿ, ರಾತ್ರಿ ಮನೆಯಲ್ಲಿ ಅನ್ನ ಸಾರು. ನಲ್ಲಿ ನೀರು ಸೊಗಸಾಗಿರುತ್ತೆ, ಬಾಟಲಿ ನೀರಿಗೆ ಕಾಸು ಸುರಿಯಬೇಡಿ.

ತಿಂಡಿಪೋತಿ:

ಅತ್ತೆಯವರು ಸಸ್ಯಾಹಾರಿಯಾ? ಮೊಟ್ಟೆ?

ಪದ್ಮನಾಭನಗರದವಳು:

ಪೂರ್ತಿ ಸಸ್ಯಾಹಾರಿ. ಈರುಳ್ಳಿ ತಿನ್ನುತ್ತಾರೆ, ಪುಣ್ಯ.

ತಿಂಡಿಪೋತಿ:

ಹಾಗಾದರೆ ಒಲೆ ಇರುವ ಅಪಾರ್ಟ್‌ಮೆಂಟೇ ಬೇಕು, ಹೋಟೆಲ್ ರೂಮಲ್ಲ. ಗೊಜ್ಜವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿಟ್ಟಿಗೆ ಹುರಿದ ರವೆ, ಒಂದು ಪುಟ್ಟ ಕುಕ್ಕರ್. ಅಕ್ಕಿ, ತರಕಾರಿ, ಮೊಸರು ಅಲ್ಲಿನ ಲಿಡ್ಲ್, ಎಸ್-ಮಾರ್ಕೆಟ್‌ನಲ್ಲಿ ಸಿಗುತ್ತೆ.

ತುಪ್ಪದ ಡಬ್ಬ, ಧಾರವಾಡ ಪೇಡ ಮಾತ್ರ ಹಾಕಿಕೊಳ್ಳಬೇಡಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ನಮ್ಮ ಕಡೆಯಿಂದ ಐರೋಪ್ಯ ಒಕ್ಕೂಟದ ಒಳಗೆ ಒಯ್ಯುವ ಹಾಗಿಲ್ಲ. ನನ್ನ ಅಕ್ಕ ಅರ್ಧ ಕೆಜಿ ಪೇಡ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದಳು. ಇವತ್ತಿಗೂ ಹೇಳಿಕೊಂಡು ಅಳುತ್ತಾಳೆ.

ಅಲ್ಲಿ ಕಾರ್ಯಾಲಾನ್‌ಪಿರಕ್ಕಾ ಅಂತ ಒಂದು ತಿಂಡಿ ಸಿಗುತ್ತೆ. ಹೆಸರು ಹೇಳಲು ಬರದಿದ್ದರೆ ಬೆರಳು ತೋರಿಸಿ. ರೈ ಹಿಟ್ಟಿನ ತೆಳು ಹೊದಿಕೆ, ಒಳಗೆ ಹಾಲಲ್ಲಿ ಬೆಂದ ಅಕ್ಕಿ ಗಂಜಿ. ಮೇಲೆ ಮೊಟ್ಟೆ ಬೆಣ್ಣೆ ಸವರಿ ಕೊಡುವುದುಂಟು, ಅದು ಬೇಡ ಅನ್ನಿ. ಚಟ್ನಿಪುಡಿ ಉದುರಿಸಿ ತಿಂದರೆ ಅತ್ತೆಯವರು ಇನ್ನೊಂದು ಕೇಳುತ್ತಾರೆ.

ಲೆಕ್ಕದಪುಸ್ತಕ:

ಹಣದ ಕಡೆ ನಾನು ನೋಡುತ್ತೇನೆ.

ಮೊದಲು ವೀಸಾ. 2024ರ ಜೂನ್‌ನಿಂದ ಷೆಂಗೆನ್ (ಫಿನ್‌ಲ್ಯಾಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಆರು ತುಂಬದವರಿಗೆ ಇಲ್ಲ. ನಿಮ್ಮಲ್ಲಿ ಮೂವರು ದೊಡ್ಡವರು 270, ಮಗಳಿಗೆ 45, ಮಗ ಪುಕ್ಕಟೆ. ಒಟ್ಟು 315 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಮಗಳಿಗೆ 12, ಮಗನಿಗೆ 6 ತುಂಬುವುದು ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಒಂದು ತಿಂಗಳು ಆಚೆ ಈಚೆ ಆದರೆ ಇಬ್ಬರದ್ದೂ ಜಾಸ್ತಿ ಆಗುತ್ತೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಚಿಕಿತ್ಸೆಗೆ ಇರಲೇಬೇಕು. ಅತ್ತೆಯವರ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಬರುತ್ತೆ. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ಹೊತ್ತಿಗೆ ತೊಂದರೆ.

ಟಿಸಿಎಸ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಮಾರುವವರು ಅದನ್ನು ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ 5%, ಅದರ ಮೇಲಿನದಕ್ಕೆ 20% ಇತ್ತು. ಬಜೆಟ್‌ನಿಂದ ಬಜೆಟ್‌ಗೆ ಇದು ಬದಲಾಗುತ್ತೆ, ಕೊಳ್ಳುವ ದಿನದ ದರ ಕೇಳಿ. ಯಾರ ಪ್ಯಾನ್‌ಗೆ ಹಿಡಿದಿದ್ದಾರೋ ಅವರ 26ಎಎಸ್‌ನಲ್ಲಿ (ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮಾ ಪಟ್ಟಿ) ಕಾಣುತ್ತೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅದು ಖರ್ಚಲ್ಲ. ಆದರೆ ಅಷ್ಟು ದಿನ ಕೈಯಲ್ಲಿ ಇರುವುದಿಲ್ಲ. ನಿಮ್ಮ ಹಾಗೆ ಒಂದು ರೂಪಾಯಿ ಮೇಲೆ ಇಲ್ಲ ಅನ್ನುವವರಿಗೆ ಅದೇ ಕಷ್ಟ. ವಿಮಾನ ಬೇರೆ, ರೂಮು ಬೇರೆ ನೀವೇ ಬುಕ್ ಮಾಡಿದರೆ ಅದು ಪ್ಯಾಕೇಜ್ ಆಗುವುದಿಲ್ಲ.

ಕಾರ್ಡ್ ಕೂಡ ನೋಡಿಕೊಳ್ಳಿ. ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ವಿದೇಶದ ಖರ್ಚಿಗೆ 3.5% ಮಾರ್ಕಪ್ (ಹೆಚ್ಚುವರಿ ಶುಲ್ಕ), ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. 3 ಲಕ್ಷ ಅಲ್ಲಿ ಉಜ್ಜಿದರೆ ಜಿಎಸ್‌ಟಿ ಬಿಟ್ಟೇ 10,500 ಸುಮ್ನೆ ಹೋಯಿತು. ಮಾರ್ಕಪ್ ಕಡಿಮೆ ಇರುವ ಕಾರ್ಡ್ ಇದ್ದರೆ ಅದನ್ನೇ ಒಯ್ಯಿರಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಅಂತ ಕೇಳಿದರೆ ಬೇಡ, ಯೂರೋ ಅನ್ನಿ.

ಉತ್ತರಹಳ್ಳಿ_ಉದಯ:

ನಮ್ಮ ಕಥೆ ಕೇಳಿ, ಹಾಗೆ ಮಾಡಬೇಡಿ. ವೀಸಾ ಬರುವ ಮುಂಚೆಯೇ ಗಾಜಿನ ಇಗ್ಲೂ ಒಂದು ರಾತ್ರಿ ಬುಕ್ ಮಾಡಿದೆ. ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಅನ್ನುವ ರೇಟು, ಸ್ವಲ್ಪ ಕಡಿಮೆ ಅಂತ ಆಸೆ. 480 ಯೂರೋ. ನಮ್ಮ ಏಜೆಂಟ್ ಒಂದು ಕಾಗದ ಬಿಟ್ಟು ಅರ್ಜಿ ಹಾಕಿಸಿದ. ಪಾಸ್‌ಪೋರ್ಟ್ ಬಂದದ್ದು ವಿಮಾನ ಹಾರಿದ ನಾಲ್ಕನೇ ದಿನ. ಅವತ್ತಿನಿಂದ ನಮ್ಮ ಮನೆಯಲ್ಲಿ ಇಗ್ಲೂ ಅನ್ನುವ ಹಾಗಿಲ್ಲ.

ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನ ಮುಂಚೆ ಅನ್ನುವುದು ಕಡೆಯ ಗಡುವು, ಅದನ್ನು ನಂಬಿ ಕೂರಬೇಡಿ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅರ್ಜಿ ಆ ದೇಶಕ್ಕೆ. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ರಜೆ ಪತ್ರ ಈಗಲೇ ತೆಗೆದಿಟ್ಟುಕೊಳ್ಳಿ.

ಬಿಟಿಎಂ_ಬ್ರಹ್ಮಚಾರಿ:

ಗುರು, ಇಗ್ಲೂ ಇಲ್ಲದೆ ಲ್ಯಾಪ್‌ಲ್ಯಾಂಡ್ ಅಂದರೆ ಮಸಾಲೆ ಇಲ್ಲದ ದೋಸೆ ಅಲ್ವಾ? ಫೋಟೋಗಾದರೂ ಒಂದು ರಾತ್ರಿ ಬೇಕು.

ಔಲು_ಕನ್ನಡಿಗ:

ಮಸಾಲೆ ಇಲ್ಲದ ದೋಸೆಯೂ ದೋಸೆಯೇ ತಮ್ಮಾ. ಮೋಡ ಇದ್ದರೆ ಆ ಗಾಜಿನ ಛಾವಣಿಯಿಂದ ಕಾಣುವುದು ಮೋಡ. ಐದು ಜನಕ್ಕೆ ಒಂದು ಇಗ್ಲೂ ಸಾಲುವುದೂ ಇಲ್ಲ, ಎರಡು ಬೇಕಾಗುತ್ತೆ.

ಉತ್ತರದ ಬೆಳಕಿಗೆ ಟಿಕೆಟ್ ಇಲ್ಲ. ಸೂರ್ಯನಿಂದ ಬರುವ ಕಣಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ಬಂದು, ಮೇಲಿನ ಗಾಳಿಯ ಆಮ್ಲಜನಕಕ್ಕೆ ತಾಗಿದಾಗ ಹಸಿರು ಹೊಳೆಯುತ್ತೆ. ಅದು ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ. ಮೋಡ ಕೆಳಗೆ. ಬೆಳಕು ಇದ್ದರೂ ಮೋಡ ಮುಚ್ಚಿದರೆ ಮುಗಿಯಿತು. ಫಿನ್‌ಲ್ಯಾಂಡ್ ಹವಾಮಾನ ಸಂಸ್ಥೆಯ ಮುನ್ಸೂಚನೆ ನೋಡಿ, ಆಕಾಶ ತಿಳಿಯಾಗಿದ್ದ ರಾತ್ರಿ ಊರಿನ ದೀಪ ಬಿಟ್ಟು ನದಿ ದಂಡೆಗೆ ಹೋಗಿ. ಆರ್ಕ್ಟಿಕುಮ್ ಮ್ಯೂಸಿಯಂ ಹಿಂದೆ ಪಾರ್ಕ್ ಇದೆ, ಊರವರೂ ಅಲ್ಲೇ ಬಂದು ನಿಲ್ಲುತ್ತಾರೆ. ಖರ್ಚು ಸೊನ್ನೆ. ಐದು ರಾತ್ರಿ ಇದ್ದರೆ ಒಂದಾದರೂ ತಿಳಿ ರಾತ್ರಿ ಸಿಗಬಹುದು ಅನ್ನುವುದೇ ಆಸೆ. ಅದಕ್ಕೇ ಹೇಳುವುದು, ಒಂದು ಇಗ್ಲೂ ರಾತ್ರಿಯ ದುಡ್ಡಿಗೆ ಮೂರು ಅಪಾರ್ಟ್‌ಮೆಂಟ್ ರಾತ್ರಿ ಜಾಸ್ತಿ ತೆಗೆದುಕೊಳ್ಳಿ.

ಒಂದು ಮಾತು ಮಗಳಿಗೆ ಮೊದಲೇ ಹೇಳಿ. ಮೊಬೈಲ್ ಫೋಟೋದಲ್ಲಿ ಕಾಣುವಷ್ಟು ಹಸಿರು ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಸಲ ಬೂದು ಮೋಡ ಅಲುಗಾಡಿದ ಹಾಗೆ ಅಷ್ಟೇ. ಇಲ್ಲಿಯವರು ಅದನ್ನು ‘ರೆವೊನ್‌ತುಲೆತ್’ ಅಂತಾರೆ, ನರಿ ಬೆಂಕಿ. ನರಿ ಬಾಲದಿಂದ ಹಿಮ ಚಿಮ್ಮಿಸಿದಾಗ ಕಿಡಿ ಏಳುತ್ತೆ ಅಂತ ಹಳೆಯ ಕಥೆ. ಕಥೆ ಹೇಳಿ ಕರೆದುಕೊಂಡು ಬನ್ನಿ, ಮೋಡ ಇದ್ದರೂ ನರಿ ಹುಡುಕುತ್ತಾಳೆ.

ಬಿಟಿಎಂ_ಬ್ರಹ್ಮಚಾರಿ:

ಸರಿ ಅಣ್ಣಾ, ಸೋತೆ.

ಮಂಕಿಕ್ಯಾಪ್:

ಬಟ್ಟೆ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಫಿನ್ನರು ಅದಕ್ಕೆ ಅರ್ಧ ತೋಳಿನ ಅಂಗಿ ಹಾಕುತ್ತಾರೆ. ರೊವಾನಿಯೆಮಿಯಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಮಾಮೂಲಿ, ಮೂವತ್ತು ಕೆಳಗೂ ಹೋಗುವುದುಂಟು.

ನಾವು ಮೊದಲ ಸಲ ಮಾಡಿದ ತಪ್ಪು ಹತ್ತಿ ಬನಿಯನ್. ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತೆ, ಆ ಒದ್ದೆಯೇ ಮೈ ಕೊರೆಯುತ್ತೆ. ಮೈಗೆ ಅಂಟಿದ್ದು ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಒಳಗಿನ ಎರಡು ಪದರ ಡೆಕಾಥ್ಲಾನ್‌ನಲ್ಲಿ ತೆಗೆದುಕೊಳ್ಳಿ. ಮೇಲಿನ ದಪ್ಪ ಜಾಕೆಟ್ ಮತ್ತೆ ಬೆಂಗಳೂರಿನಲ್ಲಿ ಎಲ್ಲಿ ಹಾಕುತ್ತೀರಿ? ಬಾಡಿಗೆಗೆ ತನ್ನಿ, ಇಲ್ಲ ಹೋಗಿ ಬಂದವರ ಹತ್ತಿರ ಕೇಳಿ. ನಾಯಿಗಾಡಿ, ಸ್ನೋಮೊಬೈಲ್ ನಡೆಸುವವರು ಸಾಮಾನ್ಯವಾಗಿ ಮೈ ಪೂರ್ತಿ ಮುಚ್ಚುವ ದಪ್ಪ ಸೂಟು, ಬೂಟು ಟಿಕೆಟ್ ಒಳಗೇ ಕೊಡುತ್ತಾರೆ. ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ.

ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದರೆ ಬೆರಳು ಮರಗಟ್ಟುತ್ತೆ. ಅತ್ತೆಯವರ ಬೂಟಿಗೆ ಮುಳ್ಳಿನ ರಬ್ಬರ್ ಪಟ್ಟಿ ಮರೆಯಬೇಡಿ. ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತೆ, ಊರಿನ ಅಜ್ಜಿಯರೆಲ್ಲ ಅದನ್ನೇ ಹಾಕಿ ಓಡಾಡುತ್ತಾರೆ. ಹಿಮಕ್ಕಿಂತ ಫುಟ್‌ಪಾತಿನ ಗಾಜಿನಂಥ ಮಂಜುಗಡ್ಡೆಯೇ ಅಪಾಯ. ಸೊಂಟ ಮುರಿದರೆ 8 ಲಕ್ಷ ಅಲ್ಲ, ಅದರ ಲೆಕ್ಕವೇ ಬೇರೆ.

ಪದ್ಮನಾಭನಗರದವಳು:

ಸೊಂಟದ ಮಾತು ಓದಿದ ಕೂಡಲೇ ಅತ್ತೆ ಬರಲ್ಲ ಅಂದರು. ಅರ್ಧ ಗಂಟೆ ಕೂರಿಸಿಕೊಂಡು ಸಮಾಧಾನ ಮಾಡಿದ್ದೇನೆ. ಕಾರು ಬಾಡಿಗೆಗೆ ತೆಗೆದುಕೊಂಡರೆ ಹೇಗೆ? ಯಜಮಾನರು ನಡೆಸುತ್ತಾರೆ.

ಲಗೇಜ್_ಜಾಸ್ತಿ:

ನಾವು ತೆಗೆದುಕೊಳ್ಳಲಿಲ್ಲ. ಸಿಲ್ಕ್ ಬೋರ್ಡ್ ದಾಟಿದವರು ಎಲ್ಲಿ ಬೇಕಾದರೂ ಓಡಿಸುತ್ತಾರೆ ಅಂತ ನನಗೂ ಜಂಭ ಇತ್ತು. ಆದರೆ ಬಲಗಡೆ ಸಂಚಾರ, ಮಂಜುಗಟ್ಟಿದ ರಸ್ತೆ, ನಾಲ್ಕಕ್ಕೇ ಕತ್ತಲು, ಅಡ್ಡ ಬರುವ ಹಿಮಸಾರಂಗ. ಬೇಡ ಅನ್ನಿಸಿತು. ಊರ ನಡುವೆ ಮನೆ ಹಿಡಿದರೆ ಸಾಂತಾ ಹಳ್ಳಿಗೆ 8 ಕಿಲೋಮೀಟರ್, 8ನೇ ನಂಬರ್ ಬಸ್ಸು ಹೋಗುತ್ತೆ. ಹಳ್ಳಿಯ ಒಳಗೆ ಹೋಗಲು ಟಿಕೆಟ್ ಇಲ್ಲ. ಸಾಂತಾ ಜೊತೆ ಮಾತಾಡಲೂ ದುಡ್ಡಿಲ್ಲ. ಫೋಟೋಗೆ ಮಾತ್ರ ಇದೆ, ಅದೂ ಚೆನ್ನಾಗೇ ಇದೆ. ನೆಲದ ಮೇಲೆ ಆರ್ಕ್ಟಿಕ್ ವೃತ್ತದ ಗೆರೆ ಎಳೆದಿದ್ದಾರೆ. ಅಲ್ಲಿನ ಅಂಚೆ ಕಚೇರಿಯಿಂದ ಮನೆಗೆ ಒಂದು ಕಾರ್ಡ್ ಹಾಕಿ, ಆ ಊರಿನದೇ ಮುದ್ರೆ ಒತ್ತುತ್ತಾರೆ.

ನಿಜ ಹೇಳಲಾ? ನಾಯಿಗಾಡಿಗೆ 50,000 ಕೊಟ್ಟೆವು, ಅದು ಚೆನ್ನಾಗಿತ್ತು. ಆದರೆ ನನ್ನ ಮಕ್ಕಳು ಈಗಲೂ ನೆನೆಸುವುದು ಪುಲ್ಕ್ಕಾ ಅನ್ನುವ, ಹಿಮದ ಮೇಲೆ ಕೂತು ಜಾರುವ ಪ್ಲಾಸ್ಟಿಕ್ ಗಾಡಿ. ಸೂಪರ್‌ಮಾರ್ಕೆಟಿನಲ್ಲಿ 15 ಯೂರೋಗೆ ತಂದೆವು. ಮನೆ ಪಕ್ಕದ ದಿಬ್ಬದಲ್ಲಿ ಮೂರು ದಿನ ಜಾರಿದ್ದೇ ಜಾರಿದ್ದು. ಬರುವಾಗ ಪಕ್ಕದ ಮನೆ ಮಗುವಿಗೆ ಕೊಟ್ಟು ಬಂದೆವು.

ಲೆಕ್ಕದಪುಸ್ತಕ:

ವಿಮಾನ ಬುಕ್ ಮಾಡುವಾಗ ಇನ್ನೊಂದು ನೋಡಿ. ಷೆಂಗೆನ್ ಒಳಗೆ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲೇ ಇಮಿಗ್ರೇಶನ್. ಫ್ರಾಂಕ್‌ಫರ್ಟ್ ಮೂಲಕವಾದರೆ ಅಲ್ಲಿ, ದೋಹಾ ಮೂಲಕವಾದರೆ ಹೆಲ್ಸಿಂಕಿಯಲ್ಲಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಫೋಟೋ, ಬೆರಳಚ್ಚು ತೆಗೆಯುವ ಹೊಸ ಪದ್ಧತಿ ಶುರುವಾಗಿದೆ. ಒಂದು ಗಂಟೆಯ ಅಂತರದ ಕನೆಕ್ಷನ್ ಅಗ್ಗ ಅಂತ ಅತ್ತೆ, ಮಕ್ಕಳನ್ನು ಓಡಿಸಬೇಡಿ.

ಪದ್ಮನಾಭನಗರದವಳು:

ಮೂರು ದಿನ ಕೂತು ಲೆಕ್ಕ ಹಾಕಿದೆ. ತಪ್ಪಿದ್ದರೆ ತಿದ್ದಿ.

ಜನವರಿ 22ರ ಸುಮಾರಿಗೆ ಹೊರಟು, ಗಣರಾಜ್ಯೋತ್ಸವದ ರಜೆ ಸೇರಿಸಿದರೆ ಮಗಳಿಗೆ ಐದು ದಿನ ಶಾಲೆ ತಪ್ಪುತ್ತೆ. ಅವಳ ಕ್ಲಾಸ್ ಟೀಚರ್ ಹತ್ತಿರ ಮಾತಾಡಿದೆ. ‘ಬಂದ ಮೇಲೆ ಕ್ಲಾಸಿನಲ್ಲಿ ಹೇಳಬೇಕು’ ಅಂದರು, ಅಷ್ಟೇ.

ವಿಮಾನ ಐದು ಟಿಕೆಟ್ 3,30,000. ರಾತ್ರಿ ರೈಲು, ಬರುವಾಗಿನ ವಿಮಾನ 75,000. ಏಳು ರಾತ್ರಿ ವಾಸ 1,05,000. ನಾಯಿಗಾಡಿ ನಾವು ನಾಲ್ವರಿಗೆ, ಅತ್ತೆಗೆ ಹಿಮಸಾರಂಗದ ನಿಧಾನ ಗಾಡಿ, ಸೇರಿ 60,000. ಊಟ ದಿನಸಿ 50,000. ವೀಸಾ, ಇನ್ಶೂರೆನ್ಸ್ 50,000. ಬಟ್ಟೆ 40,000, ಜಾಕೆಟ್ ನನ್ನ ತಂಗಿ ಮನೆಯಿಂದ ಬರುತ್ತೆ. ಬಸ್ಸು, ಪುಲ್ಕ್ಕಾ, ಸಾಂತಾ ಫೋಟೋ 25,000. ಕೈಗೆ ಇರಲಿ ಅಂತ 50,000. ಒಟ್ಟು 7,85,000. ಇಗ್ಲೂ ಇಲ್ಲ. ಹಸಿರು ಬೆಳಕಿಗೆ ಒಂದು ರೂಪಾಯಿಯೂ ಇಟ್ಟಿಲ್ಲ.

ಲೆಕ್ಕದಪುಸ್ತಕ:

ಸರಿಯಿದೆ ಮೇಡಂ. ಆ 50,000 ಮುಟ್ಟಬೇಡಿ. ಯೂರೋ ಏರಿದರೆ ಅದೇ ತಿಂದುಕೊಳ್ಳುತ್ತೆ.

ಗಾಂಧಿಬಜಾರ್_ಗುಂಡ:

14.5 ಲಕ್ಷದಿಂದ 7.85ಕ್ಕೆ ಇಳಿಸಿದಿರಿ. ಇನ್ನೂ ನಾಲ್ಕು ದಿನ ಚರ್ಚೆ ನಡೆದರೆ ಗುಲ್ಮಾರ್ಗ್ ರೇಟಿಗೇ ಬರುತ್ತೆ ನೋಡಿ.

ಪದ್ಮನಾಭನಗರದವಳು:

:) ಸರ್, ಬಂದ ಮೇಲೆ ನಿಮಗೂ ಒಂದು ಕಾರ್ಡ್ ಹಾಕುತ್ತೇನೆ.

ಔಲು ಸರ್, ಕೊನೆಯದಾಗಿ ಒಂದು. ಅತ್ತೆ ಇಷ್ಟೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. ಅಲ್ಲಿ ಕಾಫಿ ಹೇಗಿರುತ್ತೆ?

ಔಲು_ಕನ್ನಡಿಗ:

ಪ್ರಪಂಚದಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಫಿನ್ನರೂ ಸೇರಿದ್ದಾರೆ ಅಂತ ಹೇಳಿ, ಖುಷಿಯಾಗುತ್ತಾರೆ. ಆದರೆ ಬೀಜ ತೀರಾ ಕಡಿಮೆ ಹುರಿಯುತ್ತಾರೆ, ಚಿಕೋರಿ ಇಲ್ಲ. ನಮ್ಮ ಬಾಯಿಗೆ ನೀರು ನೀರು. ಅರ್ಧ ಕೆಜಿ ಪುಡಿ, ಒಂದು ಸ್ಟೀಲ್ ಫಿಲ್ಟರ್ ಲಗೇಜಿಗೆ ಹಾಕಿಕೊಳ್ಳಿ. ಹಾಲು ಇಲ್ಲಿ ಚೆನ್ನಾಗಿದೆ. ಔಲುವಿನಲ್ಲಿ ಇಳಿಯುವುದಾದರೆ ಒಂದು ಲೋಟ ನನಗೂ.